30 ವರ್ಷ ಬೀರುವಿನಲ್ಲಿದ್ದ ವರದಿ

ಪೊಲೀಸರಿಗೆ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅನ್ನಲಿ, ಬೇಡ ಅನ್ನುವುದಿಲ್ಲ. ಗೊತ್ತಿದ್ದೂ ಬಾಯಿ ಬಿಡದಿದ್ದರೆ? ಬ್ಲೇರ್ ಪೀಚ್ ಸಾವಿನ ಬಗ್ಗೆ ಓದುವಾಗಲೆಲ್ಲ ನನಗೆ ಸಿಟ್ಟು ಬರುವುದು ಇಲ್ಲೇ.

1979ರ ಏಪ್ರಿಲ್ 23. ಲಂಡನ್ನಿನ ಪಶ್ಚಿಮಕ್ಕಿರುವ ಸೌಥಾಲ್, ಪಂಜಾಬಿನಿಂದ ಹೋದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ಜಾಗ. ವಲಸಿಗರನ್ನು ಕಂಡರಾಗದ ನ್ಯಾಷನಲ್ ಫ್ರಂಟ್ ಪಕ್ಷ ಅಲ್ಲಿನ ಟೌನ್ ಹಾಲಿನಲ್ಲೇ ಚುನಾವಣಾ ಸಭೆ ಇಟ್ಟುಕೊಂಡಿತ್ತು! ಪ್ರತಿಭಟಿಸಲು ಬಂದವರಲ್ಲಿ ಪೀಚ್ ಒಬ್ಬರು. ನ್ಯೂಜಿಲೆಂಡಿನವರು, ಲಂಡನ್ನಿನಲ್ಲಿ ಮೇಷ್ಟ್ರು, ವಯಸ್ಸು 33. ತಲೆಗೆ ಏಟು ಬಿತ್ತು, ಆ ರಾತ್ರಿಯೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹೊಡೆದದ್ದು ಪೊಲೀಸರೇ ಅಂತ ಕಣ್ಣಾರೆ ಕಂಡವರು ಹೇಳಿದರು. ಪೊಲೀಸ್ ಅಧಿಕಾರಿ ಜಾನ್ ಕ್ಯಾಸ್ ಆಂತರಿಕ ತನಿಖೆ ನಡೆಸಿ ಆ ವರ್ಷವೇ ವರದಿ ಕೊಟ್ಟರು. ವಿಶೇಷ ದಳದವರ ಲಾಕರುಗಳಲ್ಲಿ ಇಲಾಖೆ ಕೊಡದ ಆಯುಧಗಳೂ ಸಿಕ್ಕಿದ್ದವು. ವರದಿ ಮಾತ್ರ ಹೊರಗೆ ಬರಲಿಲ್ಲ. ಡೊಮಿನಿಯನ್ ಚಿತ್ರಮಂದಿರದಲ್ಲಿಟ್ಟ ಶವದ ದರ್ಶನಕ್ಕೆ ಸೌಥಾಲಿನ ಸಾವಿರಾರು ಜನ ಸಾಲುಗಟ್ಟಿದರು. 1980ರ ಮರಣ ವಿಚಾರಣೆಯಲ್ಲಿ ವರದಿಯ ಪ್ರತಿ ಕರೋನರ್ ಬಳಿ ಇತ್ತು, ಮನೆಯವರಿಗೆ ಕೊಡಲಿಲ್ಲ. ತೀರ್ಪು, ಅವಘಡದಿಂದ ಸಾವು ಅಂತ!

ಆಮೇಲೆ 2009. ಜಿ-20 ಪ್ರತಿಭಟನೆಯ ದಿನ ಇಯಾನ್ ಟಾಮ್ಲಿನ್ಸನ್ ಸತ್ತಾಗ ಪೊಲೀಸರು ಮೊದಲು ಹೇಳಿದ್ದೇ ಒಂದು, ವಿಡಿಯೋದಲ್ಲಿ ಕಂಡದ್ದೇ ಇನ್ನೊಂದು. ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಕೊನೆಗೆ 2010ರ ಏಪ್ರಿಲ್ 27ರಂದು ಕ್ಯಾಸ್ ವರದಿ ಹೊರಬಂತು. ಏಟು ಹಾಕಿದ್ದು ಬಹುತೇಕ ಪೊಲೀಸನೇ ಅಂತ 1979ರಲ್ಲೇ ಬರೆದಿಟ್ಟಿದ್ದರು...

ಆ ಪ್ರತಿಯಲ್ಲೂ ಪೊಲೀಸರ ಹೆಸರುಗಳಿಗೆ ಮಸಿ ಬಳಿದಿತ್ತು. ಈ ಸಾವಿಗಾಗಿ ಯಾರ ಮೇಲೂ ಮೊಕದ್ದಮೆ ನಡೆದಿಲ್ಲ.