ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದುಹೋದ ಅಡುಗೆಯವ

ದೂರದೇಶದ ವಿಮಾನಕ್ಕೆ ಟಿಕೆಟ್ ಕಾಯ್ದಿರಿಸುವಾಗ ಊಟದ ಒಂದು ಪಟ್ಟಿ ಎದುರಾಗುತ್ತದೆ. ಏಷ್ಯನ್ ಸಸ್ಯಾಹಾರ, ಜೈನ ಊಟ, ಹಿಂದೂ ಊಟ, ಮುಸ್ಲಿಂ ಊಟ, ಯಹೂದಿಗಳ ಕೋಷರ್, ಸಕ್ಕರೆ ಕಾಯಿಲೆಯವರ ಊಟ, ಹೀಗೆ ಒಂದೊಂದಕ್ಕೂ ನಾಲ್ಕಕ್ಷರದ ಒಂದು ಸಂಕೇತ. ಸಾಮಾನ್ಯವಾಗಿ ಹೊರಡುವ 24 ಗಂಟೆ ಮೊದಲು ತಿಳಿಸಿದರೆ ಸಾಕು, ಕೋಷರ್ ಬೇಕೆಂದರೆ ಕೆಲವು ಕಂಪನಿಗಳು ಇನ್ನೂ ಮುಂಚೆ ಹೇಳಿ ಎನ್ನುತ್ತವೆ. ಈ ಊಟ ಉಳಿದವರ ಊಟದ ಗಾಡಿ ಹೊರಡುವ ಮೊದಲೇ ಕೈಸೇರುತ್ತದೆ. ಹಾಗಾಗಿ ಯಾವ ನೇಮವೂ ಇಲ್ಲದವರು ಕೂಡ ಒಮ್ಮೆ ಜೈನ ಊಟ, ಇನ್ನೊಮ್ಮೆ ಏಷ್ಯನ್ ಸಸ್ಯಾಹಾರ ಎಂದು ತರಿಸಿಕೊಂಡು ರುಚಿ ನೋಡುವುದುಂಟು. ಇದೆಲ್ಲ ವಿಮಾನಯುಗದ ಸೌಜನ್ಯ ಎಂಬ ನಂಬಿಕೆ ಸಾಮಾನ್ಯ. ನನಗೆ ಹಾಗನ್ನಿಸುವುದಿಲ್ಲ. ಪಯಣಿಗನ ನೇಮ ತಿಳಿದು ಅನ್ನವಿಡುವ ಏರ್ಪಾಟನ್ನು ಹಾಸನದ ಸೀಮೆ ಒಂಬೈನೂರು ವರ್ಷದ ಹಿಂದೆಯೇ ಕಲ್ಲಿನಲ್ಲಿ ಕೊರೆಸಿತ್ತು. ಇದರಲ್ಲಿ ಹೊಸದಾಗಿರುವುದು ರುಚಿ ನೋಡುವ ಆ ಸಲಿಗೆ ಮಾತ್ರ, ಎಂದರೆ ಇನ್ನೊಬ್ಬರ ನೇಮದ ಊಟವನ್ನು ಯಾರು ಬೇಕಾದರೂ ಕೇಳಿ ತಿನ್ನಬಹುದಾದ ಸ್ಥಿತಿ. ಅದು ಹುಟ್ಟಿದ್ದು ಆಕಾಶದಲ್ಲಲ್ಲ. ಅರಸೀಕೆರೆಯಂಥ ರೈಲು ಜಂಕ್ಷನ್ನುಗಳ ಕಾಲದಲ್ಲಿ, ನೆಲದ ಮೇಲೆ, ಸಾಕಷ್ಟು ಜಗಳದ ನಂತರ.

ವಾದ ತಿಳಿಯಬೇಕಾದರೆ ಊಟದ ನೇಮವೆಂಬುದು ಒಂದೇ ನೇಮವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ನಮ್ಮ ಕಡೆ ಅದಕ್ಕೆ ಐದು ಮುಖಗಳಿದ್ದವು: ಏನು ತಿನ್ನಬೇಕು, ಯಾರು ಬೇಯಿಸಬೇಕು, ಯಾರ ಪಂಕ್ತಿಯಲ್ಲಿ ಕೂರಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ಯಾವ ಪಾತ್ರೆಯಲ್ಲಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಮುಗಿಯಿತು ಎಂದು ಈಗ ಅಂದುಕೊಳ್ಳುತ್ತೇವೆ. ಮಡಿಯ ಮನೆಯ ಅಜ್ಜಿಗೆ ಅದು ಐದರಲ್ಲಿ ಒಂದು, ಅದರಲ್ಲೂ ತೀರ ಸುಲಭದ್ದು. ಕಷ್ಟವಿದ್ದದ್ದು ಉಳಿದ ನಾಲ್ಕರಲ್ಲಿ, ಏಕೆಂದರೆ ಅವಕ್ಕೆಲ್ಲ ಬೇರೆ ಮನುಷ್ಯರ ಸಂಗತಿ ಅಂಟಿಕೊಂಡಿತ್ತು.

ಹೊಯ್ಸಳರ ಕಾಲದ ದತ್ತಿಗಳು ಈ ಐದನ್ನೂ ಒಟ್ಟಿಗೆ ಹಿಡಿದುಕೊಂಡಿದ್ದವು. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ತಿರುವಿದರೆ ದೇವರ ಪೂಜೆ, ಗುಡಿಯ ಜೀರ್ಣೋದ್ಧಾರಗಳ ಜೊತೆಗೆ ತಪೋಧನರ ಆಹಾರದಾನ, ಋಷಿಗಳ ಆಹಾರದಾನ, ಸತ್ರ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ. ದೋರಸಮುದ್ರದ, ಎಂದರೆ ಈಗಿನ ಹಳೇಬೀಡಿನ, ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಶಿವಾಲಯವೂ ರೇಚರಸನ ಸಹಸ್ರಕೂಟ ಜಿನಾಲಯವೂ ಒಂದೇ ಊರಲ್ಲಿ ಎದ್ದವು. ಎರಡು ದಿನದ ನಡಿಗೆಯೊಳಗೆ ಮುಗಿಯುವ ಈ ಸೀಮೆಯಲ್ಲಿ ವೈಷ್ಣವ, ಶೈವ, ಜೈನ ಅಡುಗೆಗಳು ಬೇರೆ ಬೇರೆ ಒಲೆಗಳ ಮೇಲೆ ಬೇಯುತ್ತಿದ್ದವು, ಒಂದೊಂದಕ್ಕೂ ಅದರದೇ ದತ್ತಿ. ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ. ಒಂದೇ ಮನೆಯೊಳಗೆ ಎರಡು ನೇಮ ನಡೆದದ್ದಕ್ಕೆ ಇದಕ್ಕಿಂತ ಪ್ರಸಿದ್ಧ ಉದಾಹರಣೆ ಆ ಕಾಲದಲ್ಲಿ ಸಿಗುವುದು ಕಷ್ಟ. ಇನ್ನೂ ಮುಂದೆ ಹೋದ ಸಾಕ್ಷ್ಯ ಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿನ ಕೋಡಿಮಠ ಕಾಳಾಮುಖ ಶೈವರದು. ಆದರೂ ಅದರ 1162ರ ಶಾಸನ ದೀನರು, ಕುಂಟರು, ಕುರುಡರ ಜೊತೆಗೆ ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು ಎಂದು ಬೇರೆ ಬೇರೆ ಪಂಥದ ಭಿಕ್ಷುಗಳ ಹೆಸರು ಹಿಡಿದು, ಇವರೆಲ್ಲರಿಗೂ ಇದು ಅನ್ನ ಸಿಗುವ ಸ್ಥಳ ಎಂದು ಹೇಳಿಕೊಳ್ಳುತ್ತದೆ. ವಿಮಾನ ಕಂಪನಿಯ ಪಟ್ಟಿಗೆ ಪೂರ್ವಜ ಬೇಕಾದರೆ ಈ ಕಲ್ಲನ್ನು ತೋರಿಸಬಹುದು.

ಇದು ದಾನ, ಪುಣ್ಯಕ್ಕೆ ಮಾಡಿದ್ದು. ಪ್ರಯಾಣಿಕರ ಊಟದ ವ್ಯವಸ್ಥೆಗೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಬರುತ್ತದೆ. ದಾನವೆಂಬುದು ನಿಜ. ಆದರೆ ಅದನ್ನು ಪಡೆಯುತ್ತಿದ್ದವರು ಯಾರು? ಮಳೆಗಾಲದ ಚಾತುರ್ಮಾಸ ಬಿಟ್ಟರೆ ಜೈನ ಮುನಿ ಒಂದೆಡೆ ನೆಲೆ ನಿಲ್ಲುವಂತಿಲ್ಲ. ಪರಿವ್ರಾಜಕ ಸಂನ್ಯಾಸಿಯ ಧರ್ಮವೂ ಸಂಚಾರವೇ. ಆ ಕಾಲದಲ್ಲಿ ಅತಿ ಹೆಚ್ಚು ದಾರಿ ನಡೆದವರು ಯೋಧರು, ವರ್ತಕರನ್ನು ಬಿಟ್ಟರೆ ಇವರೇ. ಊಟದ ನೇಮ ಅತಿ ಕಠಿಣವಾಗಿದ್ದವರೂ ಇವರೇ. ದಿಗಂಬರ ಮುನಿ ದಿನಕ್ಕೊಂದೇ ಸಲ, ನಿಂತು, ಅಂಗೈಯನ್ನೇ ಪಾತ್ರೆಯಾಗಿಸಿಕೊಂಡು, ಶುದ್ಧಿ ಪಾಲಿಸುವ ಶ್ರಾವಕರ ಮನೆಯವರು ನೀಡಿದ್ದನ್ನು ಮಾತ್ರ ಸ್ವೀಕರಿಸುತ್ತಾನೆ. ಐದು ಮುಖಗಳೂ ಅಲ್ಲಿವೆ, ಒಂದನ್ನೂ ಬಿಟ್ಟಿಲ್ಲ. ಇಂಥವರು ಹಾದುಹೋಗುವ ದಾರಿಯಲ್ಲಿ ಆಹಾರದಾನಕ್ಕೆ ಭೂಮಿ ಬಿಟ್ಟರೆ ಅದು ಪ್ರಯಾಣದ ಊಟವಲ್ಲದೆ ಇನ್ನೇನು?

ಸಾಮಾನ್ಯ ಗೃಹಸ್ಥ ಮಾತ್ರ ಬೇರೆ ಉಪಾಯ ಕಂಡುಕೊಂಡಿದ್ದ. ಅವನ ಹೆಗಲಿಗೆ ಬುತ್ತಿ. ಬೇಯಿಸಿದ ಅನ್ನ ಮುಸುರೆ, ಅದಕ್ಕೆ ಮೈಲಿಗೆ ಬೇಗ ತಗಲುತ್ತದೆ. ಅವಲಕ್ಕಿ, ಹುರಿಹಿಟ್ಟು, ಹಣ್ಣುಗಳಿಗೆ ಆ ಬಿಗಿ ಇಲ್ಲ, ಅವನ್ನು ದಾರಿಯಲ್ಲಿ ತಿಂದರೂ ನಡೆಯುತ್ತದೆ. ಅರಸೀಕೆರೆಯ ಬಯಲಿನ ಎಳನೀರಂತೂ ಕೊಚ್ಚುವವ ಯಾರೇ ಆಗಿರಲಿ, ಒಳಗಿನ ನೀರಿಗೆ ಯಾರ ಕೈಯೂ ಸೋಕಿರುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಮುಜರಾಯಿ ಇಲಾಖೆಯ ಛತ್ರಗಳು ಬಂದವು. ಅಲ್ಲಿ ಉಚಿತ ಊಟ ಹೆಚ್ಚಾಗಿ ಬ್ರಾಹ್ಮಣರಿಗೆ, ಉಳಿದವರಿಗೆ ಜಗಲಿ, ಬಾವಿ, ಸೌದೆ ಸಿಕ್ಕರೆ ಪುಣ್ಯ. 1888ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧಿ ಮನೆಯಿಂದ ಕಟ್ಟಿಕೊಂಡ ಸಿಹಿತಿಂಡಿ, ಹಣ್ಣುಗಳಲ್ಲಿ ದಿನ ಕಳೆದದ್ದೂ ಇದೇ ಬುತ್ತಿಯ ಉಪಾಯದಿಂದ.

ರೈಲು ಈ ಉಪಾಯವನ್ನು ಒಮ್ಮೆಗೇ ಮುರಿಯಲಿಲ್ಲ, ಸಡಿಲ ಮಾಡಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ಮೇಲೆ ಹರಿಹರದವರೆಗೆ ಮೀಟರ್ ಗೇಜ್ ಹಳಿ 1889ರ ಹೊತ್ತಿಗೆ ಮುಗಿದು, ಹುಬ್ಬಳ್ಳಿ ಪುಣೆಗಳ ದಾರಿ ತೆರೆಯಿತು. ಬೇಲೂರಿಗೂ ಹಳೇಬೀಡಿಗೂ ಹಳಿ ಬರಲಿಲ್ಲ. ಶಿಲ್ಪ ನೋಡಲು ಬಂದವರು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು ಗಾಡಿ ಹೂಡಿಸಬೇಕಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷಗಳಲ್ಲಿ ಮೈಸೂರಿನಿಂದ ಹಾಸನದ ಮೇಲೆ ಬಂದ ಹಳಿ ಇಲ್ಲಿಗೇ ಸೇರಿ ಅರಸೀಕೆರೆ ಜಂಕ್ಷನ್ ಆಯಿತು. ಜಂಕ್ಷನ್ ಎಂದರೆ ಕಾಯುವುದು. ಒಂದು ಗಾಡಿ ಇಳಿದು ಇನ್ನೊಂದು ಬರುವವರೆಗೆ ಹಸಿವು ಸುಮ್ಮನಿರುವುದಿಲ್ಲ, ಬುತ್ತಿ ಮುಗಿದಿರುತ್ತದೆ. ದಕ್ಷಿಣದ ದೊಡ್ಡ ನಿಲ್ದಾಣಗಳಲ್ಲಿ ಉಪಾಹಾರದ ಕೋಣೆಗಳು ಹುಟ್ಟಿದ್ದು ಈ ಹೊತ್ತಿಗಾಗಿ. ಅವು ಹುಟ್ಟುವಾಗಲೇ ಹೋಳಾಗಿದ್ದವು: ಯುರೋಪಿಯನ್ನರಿಗೆ ಒಂದು, ಹಿಂದೂಗಳಿಗೆ ಇನ್ನೊಂದು, ಅದರೊಳಗೆ ಅನೇಕ ಕಡೆ ಬ್ರಾಹ್ಮಣರಿಗೆ ಮತ್ತೊಂದು. ಕುಡಿಯುವ ನೀರಿಗೂ ಹಿಂದೂ, ಮುಸಲ್ಮಾನ ಎಂಬ ಭೇದ.

ಆದರೂ ಒಂದು ಬದಲಾವಣೆ ಆಗಲೇ ಆಗಿಹೋಗಿತ್ತು, ಅದು ಹಣದ್ದು. ಛತ್ರದಲ್ಲಿ ಉಣ್ಣುವವನ ಗೋತ್ರ ಕೇಳುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಮುಂದಿನ ಗಾಡಿ ಬರುವುದರೊಳಗೆ ಐವತ್ತು ಜನಕ್ಕೆ ಇಡ್ಲಿ ಕೊಡಬೇಕು, ಕುಲ ವಿಚಾರಿಸುವ ಪುರಸೊತ್ತು ಎಲ್ಲಿ? ಇದೇ ಕಾಲದಲ್ಲಿ ಪೇಟೆಗಳಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್, ಉತ್ತರದ ಕಡೆ ಲಿಂಗಾಯತ ಖಾನಾವಳಿ, ಮಾಂಸದ ಊಟಕ್ಕೆ ಮಿಲಿಟರಿ ಹೋಟೆಲ್ ಎಂಬ ಬೋರ್ಡುಗಳು ತೂಗಿದವು. ಈ ಬೋರ್ಡು ಅಡುಗೆಯವನ ಜಾತಿಯನ್ನೋ ಅಡುಗೆಯ ಬಗೆಯನ್ನೋ ಹೇಳುತ್ತಿತ್ತು. ಉಣ್ಣುವವನ ಜಾತಿಗೆ ನಿಧಾನವಾಗಿ ಕುರುಡಾಯಿತು. ಎಲ್ಲರಿಗೂ ಅಲ್ಲ. ದಲಿತರಿಗೆ ಬಹುಕಾಲ ಬಾಗಿಲೇ ಇರಲಿಲ್ಲ, ಇದ್ದಲ್ಲಿ ಹೊರಗೆ ಬೇರೆ ಲೋಟ. ಮದರಾಸು ಪ್ರಾಂತದ ರೈಲು ನಿಲ್ದಾಣಗಳಲ್ಲಿ ಬ್ರಾಹ್ಮಣ, ಬ್ರಾಹ್ಮಣೇತರ ಎಂದು ಬರೆದ ಫಲಕಗಳು ಇಳಿದದ್ದು 1941ರಲ್ಲಿ, ಪೆರಿಯಾರ್ ಮತ್ತು ಜಸ್ಟಿಸ್ ಪಕ್ಷದವರ ಚಳವಳಿಯ ಒತ್ತಡಕ್ಕೆ. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳಲ್ಲಿ ಇಂಥ ತಡೆಯನ್ನೇ ನಿಷೇಧಿಸಿತು. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರುವ ಹೊತ್ತಿಗೆ ಕಾನೂನಿನ ಮಟ್ಟಿಗೆ ಕೋಣೆಯ ಮೇಲೆ ಉಳಿಯಬಹುದಾದ ಬರಹ ಒಂದೇ: ಸಸ್ಯಾಹಾರ ಅಥವಾ ಮಾಂಸಾಹಾರ. ಪಂಕ್ತಿ ಹೋಯಿತು. ಅಡುಗೆಯವ ಕೆಲಕಾಲ ಉಳಿದ, ಆಮೇಲೆ ಅವನ ವಿಚಾರವೂ ಯಾರಿಗೂ ಬೇಡವಾಯಿತು.

ಎರಡನೆಯ ಆಕ್ಷೇಪ ಇಲ್ಲಿ ಬರುತ್ತದೆ, ಇದು ಮೊದಲಿನದಕ್ಕಿಂತ ಗಟ್ಟಿ. ಜಾತಿಯ ಫಲಕ ಹೋಗಿ ಸಸ್ಯಾಹಾರದ ಫಲಕ ಬಂದರೆ ಬದಲಾದದ್ದು ಬಣ್ಣ ಮಾತ್ರ. ಇಂದಿಗೂ ಬಾಡಿಗೆ ಮನೆಗೆ ಸಸ್ಯಾಹಾರಿಗಳೇ ಬೇಕು ಎನ್ನುವವನ ಮನಸ್ಸಿನಲ್ಲಿರುವುದು ಜಾತಿಯೇ ಅಲ್ಲವೇ? ಹೌದು, ಅನೇಕ ಸಲ ಅದೇ. ಆದರೆ ಬಾಡಿಗೆ ಮನೆಯ ಯಜಮಾನ ಮನುಷ್ಯನನ್ನು ಪರೀಕ್ಷಿಸುತ್ತಾನೆ. ಜಂಕ್ಷನ್ನಿನ ಸಸ್ಯಾಹಾರದ ಕೋಣೆ ತಟ್ಟೆಗೆ ಮಾತ್ರ ಜವಾಬು ಹೇಳುತ್ತದೆ. ಮಿಲಿಟರಿ ಹೋಟೆಲಿಗೆ ಹೋಗುವವನೇ ಮಾರನೆಯ ದಿನ ಅಲ್ಲಿ ಕೂತು ದೋಸೆ ತಿನ್ನಬಹುದು, ತಿನ್ನುತ್ತಾನೆ. 1930ರಲ್ಲಿ ಬ್ರಾಹ್ಮಣರ ಕೋಣೆಗೆ ಹೋಗಿ ಇವತ್ತೊಂದು ದಿನ ರುಚಿ ನೋಡುತ್ತೇನೆ ಎನ್ನಲು ಉಳಿದವರಿಗೆ ಸಾಧ್ಯವಿರಲಿಲ್ಲ. ವಿಮಾನದಲ್ಲಿ ಗೌಡರ ಹುಡುಗ ಜೈನ ಊಟ ತರಿಸಿಕೊಂಡರೆ ಯಾರ ಹುಬ್ಬೂ ಏರುವುದಿಲ್ಲ. ಈ ವ್ಯತ್ಯಾಸವನ್ನು ಬರೀ ಬಣ್ಣ ಎನ್ನುವುದು ಚಳವಳಿ ಮಾಡಿದವರಿಗೆ ಅನ್ಯಾಯ.

ವಿಶೇಷ ಊಟದ ಪದ್ಧತಿಯನ್ನು ಪಶ್ಚಿಮದ ಕಂಪನಿಗಳು ಯಹೂದಿ ಗಿರಾಕಿಗಳಿಗೂ ರೋಗಿಗಳಿಗೂ ರೂಪಿಸಿದವು, ಅದಕ್ಕೆ ಅರಸೀಕೆರೆಯ ವಂಶಾವಳಿ ಕಟ್ಟಬೇಡಿ ಎನ್ನುವವರೂ ಇದ್ದಾರೆ. ನಾನು ಹೇಳುತ್ತಿರುವುದು ಸಂಕೇತಗಳನ್ನು ಯಾರು ಬರೆದರು ಎಂಬುದನ್ನಲ್ಲ, ಒಂದೊಂದು ಸಂಕೇತದೊಳಗೆ ಯಾವ ನೇಮ ಉಳಿದು ಬಂದಿದೆ ಎಂಬುದನ್ನು. ಕೋಷರ್ ಊಟವನ್ನು ನೋಡಿ: ಧರ್ಮಗುರುಗಳ ಮೇಲ್ವಿಚಾರಣೆಯ ಅಡುಗೆಮನೆಯಲ್ಲಿ ತಯಾರಾಗಿ, ಮೊಹರು ಹಾಕಿಸಿಕೊಂಡು ಬರುತ್ತದೆ, ಪ್ರಯಾಣಿಕನೆದುರೇ ಆ ಮೊಹರು ಒಡೆಯುತ್ತದೆ. ಯಾರು ಮಾಡಿದರು, ಯಾವ ಪಾತ್ರೆಯಲ್ಲಿ ಎಂಬ ಪ್ರಶ್ನೆಗಳು ಅಲ್ಲಿ ಜೀವಂತ. ಮುಸ್ಲಿಂ ಊಟದಲ್ಲಿ ಪ್ರಾಣಿಯನ್ನು ಹೇಗೆ ಕೊಯ್ದರು ಎಂಬುದಕ್ಕೆ ಹಲಾಲ್ ಪ್ರಮಾಣಪತ್ರ ಬೇಕು. ಎ.ವಿ.ಎಂ.ಎಲ್. ಎಂಬ ಏಷ್ಯನ್ ಸಸ್ಯಾಹಾರ, ವಿ.ಜೆ.ಎಂ.ಎಲ್. ಎಂಬ ಜೈನ ಊಟಗಳಿಗೆ ಇಂಥ ಕಟ್ಟಳೆಯಿಲ್ಲ. ಮೊದಲನೆಯದರಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಎರಡನೆಯದರಲ್ಲಿ ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ಅಷ್ಟೇ. ಫ್ರಾಂಕ್‌ಫರ್ಟಿನಲ್ಲಿ ಅದನ್ನು ಬೇಯಿಸಿದ ಕೈ ಯಾರದೆಂದು ಹಾಸನದ ವೈದಿಕರ ಮನೆಯವರೂ ಕೇಳುವುದಿಲ್ಲ. ಕೋಷರ್‌ನಲ್ಲಿ ಅಡುಗೆಯವ ಸಾಗರ ದಾಟಿದ, ನಮ್ಮದರಲ್ಲಿ ದಾಟಲಿಲ್ಲ. ಏರ್ ಇಂಡಿಯಾದ ಮೊದಲ ವಿದೇಶೀ ವಿಮಾನ 1948ರ ಜೂನ್ 8ರಂದು ಮುಂಬಯಿಯಿಂದ ಕೈರೋ, ಜಿನೀವಾ ಮೇಲೆ ಲಂಡನ್ನಿಗೆ ಹೊರಟಾಗ, ಅಡುಗೆಯವನ ಪ್ರಶ್ನೆ ನೆಲದ ಮೇಲೆಯೇ ಸಡಿಲಗೊಂಡಿತ್ತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅಮೆರಿಕ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬರುವ ಕಾಲಕ್ಕಂತೂ ಹಾಸನ ಜಿಲ್ಲೆಯ ಅಪ್ಪ ಅಮ್ಮಂದಿರು ಮಕ್ಕಳನ್ನು ನೋಡಲು ಸಾಗರ ದಾಟುವುದು ಸೋಜಿಗವಾಗಿ ಉಳಿದಿರಲಿಲ್ಲ.

ಅಡುಗೆಯವನಂತೆಯೇ ಹೊತ್ತೂ ಕಳೆದುಹೋಯಿತು. ಸೂರ್ಯ ಮುಳುಗಿದ ಮೇಲೆ ಉಣ್ಣದಿರುವುದು ಜೈನ ಗೃಹಸ್ಥನ ನೇಮ. ಶ್ರವಣಬೆಳಗೊಳ ನೋಡಿ ಹಳೇಬೀಡಿನ ಬಸದಿಗೆ ಬರುವ ಉತ್ತರದ ಯಾತ್ರಿಕರು ಇಂದಿಗೂ ಸಂಜೆಯ ಊಟವನ್ನು ಬೆಳಕಿರುವಾಗಲೇ ಮುಗಿಸಲು ಅವಸರ ಮಾಡುತ್ತಾರೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏಳುತ್ತವೆ. ಜೈನ ಊಟ ಕೈಗೆ ಬರುವುದು ಜೈನನು ಉಣ್ಣಬಾರದ ಹೊತ್ತಿನಲ್ಲಿ. ಇನ್ನು ಮಾಧ್ವರ ಚಾತುರ್ಮಾಸ್ಯವನ್ನು ಯಾವ ಸಂಕೇತವೂ ಹಿಡಿಯಲಾರದು: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಹಾಗಾದರೆ ಉಳಿದದ್ದು ನೇಮವೇ ಅಲ್ಲ, ಅದರ ಸಿಪ್ಪೆ ಎಂದು ಆಚಾರವಂತರು ಹೇಳಬಹುದು. ಜೈನ ಪರಂಪರೆಯೇ ಅದಕ್ಕೆ ಉತ್ತರ ಕೊಟ್ಟಿದೆ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಮುನಿ ವಾಹನವನ್ನೇ ಏರುವುದಿಲ್ಲ, ಅವನಿಗೆ ವಿಮಾನದ ಊಟದ ಚಿಂತೆಯಿಲ್ಲ. ಗೃಹಸ್ಥನಿಂದ ಕೇಳಿದ್ದು ಅವನ ಶಕ್ತಿಗೆ ತಕ್ಕಷ್ಟು ಮಾತ್ರ.

ಪಟ್ಟಿಯಲ್ಲಿ ಅತಿ ಹೆಚ್ಚು ಗದ್ದಲ ಎಬ್ಬಿಸಿದ್ದು ಎಚ್.ಎನ್.ಎಂ.ಎಲ್. ಎಂಬ ಹಿಂದೂ ಊಟ. ಅದು ಸಸ್ಯಾಹಾರವಲ್ಲ, ದನದ ಮಾಂಸ ಬಿಟ್ಟು ಕೋಳಿಯೋ ಕುರಿಯೋ ಮೀನೋ ಇರಬಹುದು. ತಟ್ಟೆಯಲ್ಲಿರುವುದನ್ನು ಹೇಳದೆ ತಿನ್ನುವವನ ಹೆಸರು ಹೇಳುತ್ತದೆ. 2018ರ ಜುಲೈನಲ್ಲಿ ಎಮಿರೇಟ್ಸ್ ಅದನ್ನು ಕೈಬಿಡುವುದಾಗಿ ಪ್ರಕಟಿಸಿ, ಪ್ರತಿಭಟನೆ ಎದ್ದೊಡನೆ ತೀರ್ಮಾನ ಹಿಂತೆಗೆದುಕೊಂಡಿತು. 2024ರ ನವೆಂಬರಿನಲ್ಲಿ ಏರ್ ಇಂಡಿಯಾ ತನ್ನ ಹಿಂದೂ ಊಟಕ್ಕೆ ಹಲಾಲ್ ಪ್ರಮಾಣಪತ್ರ ಇರುವುದಿಲ್ಲ ಎಂದು ತಿಳಿಸಿತು. ಎಂದರೆ ಯಾರು, ಹೇಗೆ ತಯಾರಿಸಿದರು ಎಂಬ ಪ್ರಶ್ನೆ ಮಾಂಸದ ಊಟದ ಬೆನ್ನು ಹತ್ತಿ ಮತ್ತೆ ವಿಮಾನ ಹತ್ತಿದೆ. ಜೈನ ಊಟವೂ ಒಂದು ಸಮುದಾಯದ ಹೆಸರನ್ನೇ ಹೊತ್ತಿದೆ, ಆದರೆ ಪ್ರಯಾಣಿಕರಿಗೆ ಅದು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಎಂದಷ್ಟೇ ಗೊತ್ತು, ಅದರ ಬಗ್ಗೆ ಯಾರೂ ಜಗಳಕ್ಕೆ ನಿಂತಿಲ್ಲ.