ಚೀಟಿ ಬಟ್ಟೆಯ ಚೀನಾ

ಹೂವಿನ ಅಚ್ಚೊತ್ತಿದ ಬಟ್ಟೆಗೆ ನಮ್ಮಜ್ಜಿ ‘ಚೀಟಿ ಬಟ್ಟೆ’ ಎನ್ನುತ್ತಿದ್ದರು. ಇಂಗ್ಲಿಷಿನ ‘ಚಿಂಟ್ಸ್’ ಕೂಡ ಇದೇ ಬಳಗದ ಮಾತು. ಭಾರತದಿಂದ ಹಡಗು ಹತ್ತಿ ಹೋದದ್ದು.

1950ರ ದಶಕದ ಇಂಗ್ಲೆಂಡಿನಲ್ಲಿ ಕಿಟಕಿಯ ಪರದೆಗೂ ಸೋಫಾದ ಹೊದಿಕೆಗೂ ಬಳಸುತ್ತಿದ್ದ ಅಚ್ಚಿನ ಬಟ್ಟೆಗಳಲ್ಲಿ ಪಗೋಡ, ಬಿದಿರು, ಉದ್ದ ಬಾಲದ ಹಕ್ಕಿಗಳನ್ನು ಕಾಣಬಹುದು. ನೋಡಿದವರು ಚೀನಾದ್ದೇ ಎಂದಾರು. ಆದರೆ ಆ ಚೀನಾ ಯುರೋಪಿನವರ ಕಲ್ಪನೆ. ಅದನ್ನು ಹತ್ತಿಯ ಮೇಲೆ ನಿಲ್ಲಿಸಿದ ವಿದ್ಯೆ ನಮ್ಮದು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಬಣ್ಣಗಾರರು ಅಳಲೆಕಾಯಿ, ಪಟಿಕ, ನೀಲಿ ಬಳಸಿ, ಒಗೆದರೂ ಬಣ್ಣ ಬಿಡದ ಹೂಬಳ್ಳಿ ಬರೆಯುತ್ತಿದ್ದರು. ಇಂಗ್ಲೆಂಡು ಅದಕ್ಕೆ ಮರುಳಾಯಿತು. ಅಲ್ಲಿನ ನೇಕಾರರು ಬೀದಿಗಿಳಿದರು. 1700ರ ಕಾನೂನು ನಮ್ಮ ಬಣ್ಣದ ಬಟ್ಟೆಯನ್ನು ಅಲ್ಲಿನ ಬಳಕೆಗೆ ತರುವುದನ್ನು ತಡೆಯಿತು. 1721ರ ಕಾನೂನು ಅಚ್ಚಿನ ಹತ್ತಿಬಟ್ಟೆ ಉಡುವುದನ್ನೂ ಮನೆಯಲ್ಲಿ ಹಾಸುವುದನ್ನೂ ನಿಷೇಧಿಸಿತು. 1774ರಲ್ಲಿ ನಿರ್ಬಂಧ ತೆರವಾದದ್ದು ಬ್ರಿಟನ್ನಿನಲ್ಲೇ ತಯಾರಾದ ಹತ್ತಿಬಟ್ಟೆಗೆ. ಅಷ್ಟರಲ್ಲಿ ಅಚ್ಚು, ಬಣ್ಣ ಎರಡನ್ನೂ ಅವರು ಕಲಿತಾಗಿತ್ತು.

ರಾಜಾಜಿನಗರದ ನನ್ನ ಶಾಲೆಯಲ್ಲಿ ಬಿನ್ನಿ ಮಿಲ್ಲಿನಲ್ಲಿ ದುಡಿದವರ ಮೊಮ್ಮಕ್ಕಳಿದ್ದಾರೆ. ಮಿಲ್ಲು ಈಗಿಲ್ಲ. ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಅವರಿಗೆ ಯಂತ್ರಗಳ ಕಥೆಯ ಜೊತೆ ಈ ಕಾನೂನುಗಳ ಕಥೆಯನ್ನೂ ಹೇಳುತ್ತೇನೆ. ನಮ್ಮ ಕೈಮಗ್ಗ ಯಂತ್ರದೆದುರು ಮಾತ್ರ ಸೋತಿತೆಂದು ಮಕ್ಕಳು ನಂಬಿ ಬೆಳೆಯಬಾರದಲ್ಲ!