ಕ್ರ್ಯಾಕ್ ಗೇಮ್ ಮತ್ತು ಏಳು ದಿನದ ಜೈಲು

"ಪೈರಸಿ ಗೇಮ್ ಮಾರೋರನ್ನ ತಾನೇ ಹಿಡಿಯೋದು, ಆಡೋರಿಗೇನು?" ಅಂತ ನನ್ನನ್ನ ಆಗಾಗ ಕೇಳ್ತಾರೆ. ಕಾನೂನಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಆಗ ಮನೇಲಿ ಕಂಪ್ಯೂಟರ್ ಎಲ್ಲಿತ್ತು? 1984ರ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಂಗಳನ್ನು 'ಸಾಹಿತ್ಯ ಕೃತಿ'ಗಳ ಸಾಲಿಗೆ ಸೇರಿಸಿತು. ಅಂದ್ರೆ ಕಾದಂಬರಿಯ ಪಕ್ಕದಲ್ಲೇ ಗೇಮ್‌ನ ಕೋಡ್!

1994ರಲ್ಲಿ 63ಬಿ ಕಲಂ ಬಂತು. ಕಾನೂನಿನ ಕಣ್ಣು ಅಂಗಡಿಯಿಂದ ಮನೆಯೊಳಕ್ಕೂ ಹೊರಳಿತು. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಲಿ, ವ್ಯಾಪಾರಕ್ಕಾಗಲಿ ಬಳಸದಿದ್ದರೆ ಕೋರ್ಟು ಜೈಲು ಬಿಟ್ಟು 50,000ದವರೆಗೆ ದಂಡವನ್ನಷ್ಟೇ ಹಾಕಬಹುದು. 2012ರಲ್ಲಿ 65ಎ ಸೇರಿತು: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕ್ರ್ಯಾಕ್ ಅಂದ್ರೆ ಇದೇ ಬೀಗ ಒಡೆಯೋದು.

ಕೇಸಿಗಿಂತ ಮೊದಲೇ ಬೀಳೋ ಪೆಟ್ಟೂ ಒಂದಿದೆ. "ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ" ಅಂತ ಕ್ರ್ಯಾಕ್ ಜೊತೆ ಸೂಚನೆ ಬರುತ್ತಲ್ಲ, ಅಲ್ಲೇ ನಿಲ್ಲಿ. ಮಗ ಗೇಮ್ ಆಡೋ ಕಂಪ್ಯೂಟರಿನಲ್ಲೇ ಅಪ್ಪನ ಬ್ಯಾಂಕ್ ಪಾಸ್‌ವರ್ಡೂ ಇರುತ್ತೆ.